ಏರಿಯಾ ಮೊದಲು, ನಂಬರ್ ಆಮೇಲೆ

ತನ್ನನ್ನು ಆರ್ಕಿಟೆಕ್ಟ್ ಎಂದು ಕರೆಸಿಕೊಳ್ಳುತ್ತಿದ್ದ ಮನುಷ್ಯನೊಬ್ಬನ ಕೆಳಗೆ ನಾನು ಕೆಲಸ ಮಾಡಿದ್ದೇನೆ. ಅವನು ಜನ್ಮದಲ್ಲಿ ಒಂದು ಗೋಡೆ ಕಟ್ಟಿದವನಲ್ಲ. ಇಂದಿರಾನಗರದಲ್ಲಿ ಸೋಫಾ ಅಂಗಡಿಯೊಂದರ ಮೇಲಿದ್ದ ನಮ್ಮ ಕಚೇರಿಯಲ್ಲಿ ಅವನು ಕಟ್ಟಿದ್ದೆಂದರೆ ಕಂಪ್ಯೂಟರ್ ಪ್ರೋಗ್ರಾಮಿನ ಒಂದೇ ಒಂದು ಸಾಲು. ಆ ಸಾಲನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿ, ಬೇರೆಯವರು ದೇವರ ಪಟ ಇಟ್ಟುಕೊಳ್ಳುವ ಜಾಗದಲ್ಲಿ ಅಂಟಿಸಿಕೊಂಡಿದ್ದ. ಬಂದವರನ್ನೆಲ್ಲ ಅದರ ಮುಂದೆ ನಿಲ್ಲಿಸಿ, "ಇಡೀ ಬೆಂಗಳೂರಿನ ಅಡ್ರೆಸ್ಸು ಈ ಒಂದು ಲೈನಲ್ಲಿದೆ ಗುರು" ಅನ್ನುತ್ತಿದ್ದ. ಬಂದವರಿಗೆ ಅರ್ಥವಾಗುತ್ತಿರಲಿಲ್ಲ, ಆದ್ದರಿಂದ ಹೊಗಳುತ್ತಿದ್ದರು. ಅವನ ಹೆಸರು ಬೆಳೆದದ್ದು ಪೂರ್ತಿಯಾಗಿ ಹೀಗೇ.

ಹೊಸ ಶತಮಾನ ಶುರುವಾಗಿ ನಾಲ್ಕೈದು ವರ್ಷವಾಗಿದ್ದ ಕಾಲ. ನಮ್ಮದು ಆಂಬುಲೆನ್ಸ್ ಕಳಿಸುವ ಚಿಕ್ಕ ಕಂಪನಿ. ಕೆಲವು ಖಾಸಗಿ ಆಸ್ಪತ್ರೆಗಳ ಪರವಾಗಿ ಫೋನ್ ತೆಗೆದುಕೊಂಡು, ಹತ್ತಿರದ ಗಾಡಿಗೆ ವಿಳಾಸ ತಿಳಿಸುವುದು ಕೆಲಸ. ಕಚೇರಿಯ ಒಂದು ಕಡೆ ಪ್ರೋಗ್ರಾಂ ಬರೆಯುವ ನಾವು, ನಡುವಿನ ಗಾಜಿನ ಆಚೆ ಫೋನ್ ತೆಗೆದುಕೊಳ್ಳುವ ಹೆಂಗಸರು. ಅವರು ವಿಳಾಸವನ್ನು ಒಂದೇ ಸಾಲಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿದರೆ, ಆರ್ಕಿಟೆಕ್ಟನ ಸಾಲು ಅದರಿಂದ ಮನೆ ನಂಬರ್, ಕ್ರಾಸು, ಏರಿಯಾ ಬಿಡಿಸಿ ಕೊಡಬೇಕು. ಆಮೇಲೆ ಯಂತ್ರ ಒಂದು ಟ್ರಿಪ್ ನಂಬರ್ ಕೊಟ್ಟು ಗಾಡಿ ಹೊರಡಿಸುತ್ತಿತ್ತು.

ಆ ಸಾಲಿಗೆ ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂದು ಹೆಸರು. ಅಕ್ಷರಗಳ ರಾಶಿಯಲ್ಲಿ ಇಂಥ ಆಕಾರದ್ದನ್ನು ಹುಡುಕು ಎಂದು ಕಂಪ್ಯೂಟರಿಗೆ ಕೊಡುವ ಅಚ್ಚು ಅದು. ಅಚ್ಚು ಕೆಟ್ಟದ್ದೇನಲ್ಲ. ಆದರೆ ಅದನ್ನು ಬರೆಯುವವರಲ್ಲಿ ಒಂದು ಜಾತಿಯ ಗಂಡಸರಿದ್ದಾರೆ. ಯಾರಿಗೂ ಓದಲಾಗದ ಹಾಗೆ ಬರೆದರೆ ಬುದ್ಧಿವಂತಿಕೆ ಎಂದು ನಂಬಿದವರು. ಕಂಸದೊಳಗೆ ಕಂಸ, ಅದರ ಬಾಲಕ್ಕೊಂದು ಪ್ಲಸ್ಸು, ಅದರ ತಲೆಗೊಂದು ಪ್ರಶ್ನೆಚಿಹ್ನೆ ಹಾಕಿ ಮೀಸೆ ತಿರುವುತ್ತಾರೆ. ತಿಂಗಳು ಬಿಟ್ಟು ಕೇಳಿದರೆ ತಾವು ಬರೆದದ್ದು ತಮಗೇ ಗೊತ್ತಾಗುವುದಿಲ್ಲ.

ಗಾಜಿನ ಆಚೆ ಗದಗಿನ ಕಡೆಯ ಒಬ್ಬಳಿದ್ದಳು. ನನಗಿಂತ ದೊಡ್ಡವಳು, ನಾನು ಅಕ್ಕ ಎನ್ನುತ್ತಿದ್ದೆ, ಅವಳು ಹಟ ಹಿಡಿದು ನನಗೆ ಮೇಡಂ ಎನ್ನುತ್ತಿದ್ದಳು. ರಾಮಮೂರ್ತಿ ನಗರದ ಬಾಡಿಗೆ ಮನೆಯಲ್ಲಿ ತಾಯಿ ಮತ್ತು ಮಗಳ ಜೊತೆ ಇದ್ದಳು. ಗಂಡ ಬಿಟ್ಟುಹೋಗಿದ್ದ. ಆ ಮನೆಗೆ ಬರುತ್ತಿದ್ದುದು ಇವಳೊಬ್ಬಳ ಸಂಬಳ. ಅಕ್ಕ ವಿಳಾಸವನ್ನು ತಲೆಕೆಳಗಾಗಿ ಬರೆಯುತ್ತಿದ್ದಳು. ಮಿಕ್ಕವರು ಮೊದಲು ಮನೆ ನಂಬರ್ ಕೇಳಿ, ಅದರಿಂದ ಶುರು ಮಾಡಿದರೆ, ಇವಳು ಏರಿಯಾದಿಂದ ಶುರು ಮಾಡಿ ನಂಬರಿನಲ್ಲಿ ಮುಗಿಸುತ್ತಿದ್ದಳು. ಒಂದು ಕೈ ಟೈಪ್ ಮಾಡುತ್ತಿದ್ದಂತೆಯೇ ಇನ್ನೊಂದು ಕೈಯ ಮೊಬೈಲಿನಲ್ಲಿ ಶಿವಾಜಿನಗರದಲ್ಲೋ ಹಲಸೂರಿನಲ್ಲೋ ನಿಂತ ಡ್ರೈವರಿಗೆ ಏರಿಯಾ ಹೇಳಿಬಿಡುತ್ತಿದ್ದಳು. ಆ ಕಡೆಯಿಂದ "ಬೋಲೋ ಆಪಾ, ಕಾಂ ಜಾನಾ?" ಎಂದು ಎಲ್ಲಿಗೆ ಹೋಗಬೇಕೆಂದು ಕೇಳುವ ದನಿ ನಮಗೂ ಕೇಳಿಸುತ್ತಿತ್ತು. ಫೋನ್ ಮಾಡಿದವರು ಕ್ರಾಸ್ ಹೇಳಿ ಮುಗಿಸುವಷ್ಟರಲ್ಲಿ ಗಾಡಿ ಸ್ಟಾರ್ಟ್ ಆಗಿರುತ್ತಿತ್ತು.

"ಯಾಕಕ್ಕ ಹೀಗೆ ಬರೀತೀಯ?" ಎಂದು ಒಮ್ಮೆ ಕೇಳಿದ್ದೆ.

"ಮಂದಿ ಹಂಗ ಹೇಳ್ತಾರ್ರಿ ಮೇಡಂ. ಎದಿ ಹಿಡಕೊಂಡು ಬಿದ್ದಾನ ಅಂದ್ರ, ಮೊದ್ಲ ಏರಿಯಾನ ಬರ್ತೈತಿ ಬಾಯಾಗ. ಮನಿ ನಂಬರ ಯಾರಿಗೆ ನೆನಪಿರ್ತೈತ್ರಿ?" ಎಂದಳು.

ತೊಂದರೆ ಏನೆಂದರೆ ಅವಳು ಎಂಟರ್ ಒತ್ತಿದಾಗ ಒಮ್ಮೊಮ್ಮೆ ಇಡೀ ವ್ಯವಸ್ಥೆ ನಿಂತುಬಿಡುತ್ತಿತ್ತು. ಅವಳದ್ದಷ್ಟೇ ಅಲ್ಲ, ಎಲ್ಲರ ಪರದೆಯೂ ಕಲ್ಲಾಗುತ್ತಿತ್ತು. ಸರ್ವರ್ ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸುವ ತನಕ ಫೋನುಗಳು ಸುಮ್ಮನೆ ಹೊಡೆದುಕೊಳ್ಳುತ್ತಿದ್ದವು. ಬೇರೆ ಯಾರು ಕೂತರೂ ಹೀಗಾಗುತ್ತಿರಲಿಲ್ಲ. ಆರ್ಕಿಟೆಕ್ಟ್ ತನಿಖೆ ಮಾಡಿದ. ತನಿಖೆ ಎಂದರೆ ಗಾಜಿನ ಆಚೆ ಹೋಗಿ ಅವಳ ಹಿಂದೆ ಕೈಕಟ್ಟಿ ನಿಂತು, ವಾಪಸು ಬಂದು, ತಪ್ಪು ಆಪರೇಟರಿನದು ಎಂದು ಮಾಲೀಕರಿಗೆ ಮೇಲ್ ಕಳಿಸಿದ್ದು. ಈ ತಿಂಗಳು ಮುಗಿಯುವುದರೊಳಗೆ ಬೇರೆಯವರನ್ನು ನೋಡಿಕೊಳ್ಳೋಣ ಎಂದು ಮಾಲೀಕರು ಉತ್ತರ ಬರೆದರು. ಅಕ್ಕನಿಗೆ ಯಾರೂ ಹೇಳಲಿಲ್ಲ. ಆದರೂ ಅವಳಿಗೆ ಗೊತ್ತಾಯಿತು. ಮಧ್ಯಾಹ್ನ ಡಬ್ಬಿ ತೆಗೆಯದೆ ಕೂತಿದ್ದಳು.

ಕಾರಣ ಹುಡುಕಲು ನನಗೆ ಒಂದು ಮಧ್ಯಾಹ್ನ ಸಾಕಾಯಿತು. ನಾನೇನು ದೊಡ್ಡ ಜಾಣೆಯಲ್ಲ, ಅವನು ದೇವರ ಪಟದ ಜಾಗದಲ್ಲಿ ಅಂಟಿಸಿದ್ದನ್ನು ಕೈಮುಗಿಯದೆ ಓದಿದೆ, ಅಷ್ಟೇ. ಬೆಂಗಳೂರಿನಲ್ಲಿ ಯಾವ ಗೇಟಿನ ಮೇಲೆ ನೋಡಿದರೂ ಮನೆ ನಂಬರಿಗೆ ಮುಂಚೆ # ಎಂಬ ಹ್ಯಾಶ್ ಚಿಹ್ನೆ ಇರುತ್ತದೆ, ಫೋನಿನ ಹೆಂಗಸರೂ ಹಾಗೇ ಟೈಪ್ ಮಾಡುತ್ತಿದ್ದರು. ಅವನ ಅಚ್ಚು ಆ ಚಿಹ್ನೆಯನ್ನು ಸಾಲಿನ ಮೊದಲಲ್ಲಿ ಮಾತ್ರ ಒಪ್ಪುತ್ತಿತ್ತು. ಆಮೇಲೆ ಅಕ್ಷರಗಳ ಒಂದು ತುಂಡು, ಬೇಕಾದರೆ ಒಂದು ಸ್ಪೇಸೋ ಕಾಮಾವೋ, ಇಂಥ ತುಂಡುಗಳು ಸಾಲು ಮುಗಿಯುವ ತನಕ ಎಷ್ಟು ಬೇಕಾದರೂ ಎಂದು ಬರೆದಿದ್ದ. ಆ 'ಬೇಕಾದರೆ' ಎನ್ನುವಲ್ಲಿ ವಿಷವಿತ್ತು. ಎರಡು ತುಂಡುಗಳ ನಡುವೆ ಸ್ಪೇಸ್ ಇರಲೇಬೇಕೆಂಬ ಕಟ್ಟಳೆ ಇಲ್ಲದಿದ್ದರೆ ಹಲಸೂರು ಎಂಬ ಪದ ಒಂದು ತುಂಡೂ ಆಗಬಹುದು, ಎರಡೂ ಆಗಬಹುದು, ಅಕ್ಷರಕ್ಕೊಂದೂ ಆಗಬಹುದು. ಎಲ್ಲ ಹೊಂದಿದಾಗ ಯಂತ್ರ ಮೊದಲ ಉತ್ತರಕ್ಕೇ ತೃಪ್ತಿಪಟ್ಟು ಸುಮ್ಮನಾಗುತ್ತದೆ. ಅಕ್ಕನ ಸಾಲಿನಲ್ಲಿ ಮಾತ್ರ ಎಲ್ಲ ದಾಟಿ ಬಂದ ಮೇಲೆ ಬಾಲದಲ್ಲಿ ಹ್ಯಾಶ್ ಎದುರಾಗುತ್ತಿತ್ತು. ಹೊಂದಲಿಲ್ಲವಲ್ಲ, ಹಿಂದೆ ಎಲ್ಲೋ ತಪ್ಪಾಗಿ ಕತ್ತರಿಸಿದೆ ಎಂದುಕೊಂಡು ಅದು ಹಿಂದಕ್ಕೆ ಹೋಗಿ ಇಡೀ ವಿಳಾಸವನ್ನು ಬೇರೆ ಥರ ಕತ್ತರಿಸುತ್ತಿತ್ತು. ಆಗಲೂ ಹ್ಯಾಶ್. ಮತ್ತೆ ಬೇರೆ ಥರ. ಸಾರಿಗೆ ಉಪ್ಪು ಕಡಿಮೆಯಾಯಿತೆಂದು ಬೀನ್ಸನ್ನು ಮತ್ತೆ ಮತ್ತೆ ಬೇರೆ ಅಳತೆಗೆ ಹೆಚ್ಚುತ್ತಾ ಕೂತವಳ ಹಾಗೆ. ವಿಳಾಸ ಉದ್ದವಿದ್ದಷ್ಟೂ ಹೆಚ್ಚುವ ಬಗೆಗಳು ಗುಣಿಸುತ್ತಾ ಹೋಗುತ್ತವೆ, ಕಡೆಗೆ ಮುಗಿಯುವುದೇ ಇಲ್ಲ.

ಎರಡು ಚಿಹ್ನೆ ಬದಲಿಸಿದರೆ ಸರಿಹೋಗುತ್ತಿತ್ತು. ಆರ್ಕಿಟೆಕ್ಟನಿಗೆ ಹೇಳಲು ಹೋದೆ. ಅವನು ಕುರ್ಚಿಯಿಂದ ಏಳಲೂ ಇಲ್ಲ.

"ನೋಡಮ್ಮ, ಅದು ಟೆಸ್ಟ್ ಆಗಿರೋ ಲೈನು. ಅದನ್ನ ಯಾರೂ ಮುಟ್ಟೋ ಹಾಗಿಲ್ಲ. ನಿನ್ನ ಕೆಲಸ ನೀನು ನೋಡ್ಕೋ."

ಆ ಫೈಲು ಅವನ ಹೆಸರಿನಲ್ಲಿತ್ತು. ಅವನ ಒಪ್ಪಿಗೆಯಿಲ್ಲದೆ ಅದರಲ್ಲಿ ಒಂದು ಚುಕ್ಕೆಯನ್ನೂ ಬದಲಿಸುವಂತಿರಲಿಲ್ಲ. ಟೆಸ್ಟ್ ಮಾಡಿದ್ದು ಯಾರು ಎಂದು ಕೇಳಿದ್ದರೆ ತಾನೇ ಎನ್ನುತ್ತಿದ್ದ. ತನ್ನ ಅಡುಗೆ ತಾನೇ ಉಂಡು ಬೆನ್ನು ತಟ್ಟಿಕೊಂಡವನು.

ನನ್ನ ಕೆಲಸ ಏನೆಂದು ಹೇಳುತ್ತೇನೆ. ನಮ್ಮ ಮಾಲೀಕರು ಯಾವುದೋ ಸಮ್ಮೇಳನದಲ್ಲಿ ಹ್ಯಾಸ್ಕೆಲ್ ಎಂಬ ಫಂಕ್ಷನಲ್ ಪ್ರೋಗ್ರಾಮಿಂಗ್ ಭಾಷೆಯ ಹೆಸರು ಕೇಳಿಸಿಕೊಂಡು ಬಂದಿದ್ದರು. ಆಸ್ಪತ್ರೆಯವರ ಮುಂದೆ ಹೇಳಿಕೊಳ್ಳಲು ಚೆನ್ನಾಗಿರುತ್ತದೆಂದು ನಮ್ಮಲ್ಲೊಬ್ಬರು ಅದನ್ನು ಕಲಿಯಬೇಕೆಂದರು. ಬೇರೆ ಯಾರೂ ಮುಂದೆ ಬರಲಿಲ್ಲ, ಅದು ನನ್ನ ತಲೆಗೆ ಬಂತು. ಮಾಲೀಕರಿಗೆ ಬೇಕಾದದ್ದು ಹೆಸರು ಮಾತ್ರ. ನನಗೆ ಮಾತ್ರ ಆ ಭಾಷೆ ಒಗ್ಗಿಹೋಯಿತು, ಸುಳ್ಳು ಹೇಳಲು ಬಿಡದ ಹೆಡ್‌ಮಿಸ್ಟ್ರೆಸ್ ಕೆಲವರಿಗೆ ಒಗ್ಗುವ ಹಾಗೆ.

ಆರ್ಕಿಟೆಕ್ಟನ ಅಚ್ಚು ಎರಡು ಉದ್ಧರಣ ಚಿಹ್ನೆಗಳ ನಡುವೆ ಬಿದ್ದ ಅಕ್ಷರಗಳ ಕಸ. ಪ್ರೋಗ್ರಾಮನ್ನು ಪರೀಕ್ಷಿಸುವ ಕಂಪೈಲರ್ ಅದರೊಳಕ್ಕೆ ಇಣುಕುವುದೇ ಇಲ್ಲ. ಒಂದು ಕಂಸ ಮರೆತರೂ, ಎರಡೇ ಭಾಗವಿರುವ ಅಚ್ಚಿನಲ್ಲಿ ಮೂರನೆಯದನ್ನು ಕೇಳಿದರೂ ಅದು ಬಾಯಿ ಬಿಡುವುದಿಲ್ಲ. ತಪ್ಪು ಗೊತ್ತಾಗುವುದು ಓಡಿಸಿದ ಮೇಲೆ, ಯಾರದೋ ಪ್ರಾಣದ ಮೇಲೆ. ಅದೇ ಕೆಲಸಕ್ಕೆ ನಾನು ಹ್ಯಾಸ್ಕೆಲ್‌ನಲ್ಲಿ ನನ್ನದೇ ಪ್ರೋಗ್ರಾಂ ಬರೆದೆ, ಅಚ್ಚನ್ನು ಹಾಗೆ ಬರೆಯಲಿಲ್ಲ. ಮನೆ ನಂಬರ್ ಗುರುತಿಸುವುದಕ್ಕೊಂದು ಪುಟ್ಟ ಫಂಕ್ಷನ್, ಅಂದರೆ ಒಂದೇ ಕೆಲಸ ಮಾಡುವ ತುಣುಕು, ಕ್ರಾಸಿಗೊಂದು, ಏರಿಯಾಕ್ಕೊಂದು. ಆಮೇಲೆ ಅವುಗಳನ್ನು ಹೂ ಕಟ್ಟಿದಂತೆ ಕಟ್ಟುವುದು. ಒಂದೊಂದಕ್ಕೂ ತನ್ನದೇ ಜಾತಿ. ಏರಿಯಾ ಇರಬೇಕಾದ ಕಡೆ ನಂಬರ್ ಕೊಟ್ಟರೆ ಕಂಪೈಲರ್ ಅಲ್ಲೇ ಗದರಿ ನಿಲ್ಲಿಸುತ್ತದೆ. ಹಿಂದಕ್ಕೆ ಹೋಗಿ ಇನ್ನೊಮ್ಮೆ ಪ್ರಯತ್ನಿಸು ಎಂದು ನಾನಾಗಿ ಬರೆದ ಕಡೆ ಮಾತ್ರ ಯಂತ್ರ ಹಿಂದಕ್ಕೆ ಹೋಗುತ್ತದೆ, ಅದೂ ಒಂದೇ ಹೆಜ್ಜೆ. ಏರಿಯಾ ಮೊದಲು ಬಂದರೂ ನಂಬರ್ ಮೊದಲು ಬಂದರೂ ಸರಿ ಎಂದು ಸೇರಿಸಲು ಇನ್ನೊಂದು ಸಾಲು ಸಾಕಾಯಿತು.

ಇವೆಲ್ಲಕ್ಕಿಂತ ನನಗೆ ಹಿಡಿಸಿದ್ದು ಬೇರೆ. ಆ ಭಾಷೆಯಲ್ಲಿ ಉತ್ತರ ಎರಡು ಬಗೆ: ಹೊಂದಿತು, ಹೊಂದಲಿಲ್ಲ. ಹೊಂದದಿದ್ದರೆ ಏನು ಮಾಡುತ್ತೀಯ ಎಂದು ಅದು ಕೇಳುತ್ತದೆ. ಹೇಳದಿದ್ದರೆ ಪ್ರೋಗ್ರಾಮನ್ನೇ ಒಪ್ಪದ ಹಾಗೆ ನಾನು ಬಿಗಿ ಮಾಡಿಟ್ಟಿದ್ದೆ. ಹೊಂದದಿದ್ದರೆ, ಟೈಪ್ ಮಾಡಿದ್ದನ್ನು ಇದ್ದ ಹಾಗೇ ಡ್ರೈವರಿಗೆ ಕಳಿಸು, ಗಾಡಿ ಬಿಡು ಎಂದು ಬರೆದೆ. ಆರ್ಕಿಟೆಕ್ಟನ ಪ್ರೋಗ್ರಾಮಿನಲ್ಲಿ ಆ ಪ್ರಶ್ನೆಯೇ ಇರಲಿಲ್ಲ. ಅವನ ಅಚ್ಚಿಗೆ ಹೊಂದದ ಮನುಷ್ಯರು ಭೂಮಿಯ ಮೇಲೆ ಇರಬಹುದೆಂದು ಅವನಿಗೆ ಹೊಳೆದಿರಲೇ ಇಲ್ಲ.

ನನ್ನ ಪ್ರೋಗ್ರಾಂ ನೋಡಿ ಎಂದು ನಾನು ಕೇಳಿಕೊಂಡದ್ದರಿಂದ, ತಿಂಗಳು ಮುಗಿಯಲು ಬಂದಾಗ ಮಾಲೀಕರ ಕೋಣೆಯಲ್ಲಿ ನನ್ನನ್ನೂ ಆರ್ಕಿಟೆಕ್ಟನನ್ನೂ ಕೂರಿಸಲಾಯಿತು. ಅಕ್ಕನನ್ನು ಕರೆದಿರಲಿಲ್ಲ, ಅವಳ ಕೆಲಸದ ಪ್ರಶ್ನೆ ಅಲ್ಲವೇ. ಪರೀಕ್ಷೆಗೆಂದೇ ಇಟ್ಟಿದ್ದ ಯಂತ್ರದಲ್ಲಿ ಆರ್ಕಿಟೆಕ್ಟ್ ತನಗೆ ತೋಚಿದ ವಿಳಾಸ ಟೈಪ್ ಮಾಡಿದ, ನಂಬರಿನಿಂದ ಶುರು ಮಾಡಿ. ಉತ್ತರ ಬಂತು. "ನೋಡಿ ಸರ್, ಫಸ್ಟ್ ಕ್ಲಾಸಾಗಿ ಓಡ್ತಿದೆ. ಆಯಮ್ಮಂಗೆ ಟೈಪಿಂಗ್ ಬರಲ್ಲ, ಅಷ್ಟೇ," ಎಂದ.

ನಾನು ಕೀಬೋರ್ಡ್ ಎಳೆದುಕೊಂಡು ಆರ್ಕಿಟೆಕ್ಟನ ಕಡೆ ತಿರುಗಿದೆ. "ಸರ್, ನಿಮ್ಮನೆ ಎಲ್ಲಿ?"

"ಯಾಕಮ್ಮ?"

"ಸುಮ್ನೆ ಹೇಳಿ."

"ಕೆ.ಆರ್. ಪುರಂ. ಸ್ಟೇಷನ್ ದಾಟಿದ್ಮೇಲೆ ಲೆಫ್ಟು, ವಾಟರ್ ಟ್ಯಾಂಕ್ ಹಿಂದೆ, ಸೆಕೆಂಡ್ ಕ್ರಾಸು, ನಂಬರ್ ನಲವತ್ತೊಂದು."

ಅವನು ಹೇಳಿದ ಕ್ರಮದಲ್ಲೇ, ಅವನ ಬಾಯಿಂದ ಬಂದ ಹಾಗೆಯೇ, ಕೊನೆಯ ನಂಬರಿಗೆ ಹ್ಯಾಶ್ ಸೇರಿಸಿ ಟೈಪ್ ಮಾಡಿ ಎಂಟರ್ ಒತ್ತಿದೆ. ಪರದೆ ಅಲ್ಲಾಡಲಿಲ್ಲ. ಯಂತ್ರದ ಫ್ಯಾನು ಬುಸುಗುಟ್ಟತೊಡಗಿತು. ಮಾಲೀಕರು ಕಾಫಿ ಕುಡಿದು ಲೋಟ ಕೆಳಗಿಟ್ಟರೂ ಅದು ಬುಸುಗುಟ್ಟುತ್ತಲೇ ಇತ್ತು. ಅದನ್ನು ನಿಲ್ಲಿಸಿ ಅದೇ ಸಾಲನ್ನು ನನ್ನ ಪ್ರೋಗ್ರಾಮಿಗೆ ಕೊಟ್ಟೆ. ಎಂಟರ್ ಒತ್ತಿದ ಬೆರಳು ಎತ್ತುವ ಮೊದಲೇ ಉತ್ತರ ಬಂತು. ಆರ್ಕಿಟೆಕ್ಟನ ಮುಖ ನೋಡಿದೆ. ಸುಳ್ಳು ಯಾಕೆ, ನನಗೆ ಬಹಳ ಖುಷಿಯಾಯಿತು.

"ಇಂಟರೆಸ್ಟಿಂಗ್," ಎಂದರು ಮಾಲೀಕರು.

ಅವರ ಬಾಯಲ್ಲಿ ಇಂಟರೆಸ್ಟಿಂಗ್ ಬಂತೆಂದರೆ ಆ ವಿಷಯದ ತಿಥಿ ಮುಗಿಯಿತೆಂದೇ ಅರ್ಥ. ಆರ್ಕಿಟೆಕ್ಟನಿಗೂ ಅದು ಗೊತ್ತಿತ್ತು. ತಕ್ಷಣ ಚೇತರಿಸಿಕೊಂಡ. "ಸರ್, ಈ ಭಾಷೆ ಗೊತ್ತಿರೋದು ಈಯಮ್ಮ ಒಬ್ರಿಗೇ. ನಾಳೆ ಮದುವೆ ಮಾಡ್ಕೊಂಡು ಹೋದ್ರೆ ಇದನ್ನ ಯಾರು ನೋಡ್ಕೋತಾರೆ? ಅದರ ಬದಲು ಒಂದು ಪ್ರಾಸೆಸ್ ಮಾಡೋಣ. ಎಲ್ರೂ ನಂಬರ್ ಮೊದಲು ಟೈಪ್ ಮಾಡ್ಬೇಕು. ಟ್ರಿಪ್ ನಂಬರ್ ಬರದೆ ಯಾವ ಗಾಡಿನೂ ಬಿಡೋ ಹಾಗಿಲ್ಲ. ಖರ್ಚೇ ಇಲ್ಲ."

ಖರ್ಚಿಲ್ಲ ಎಂದ ಮೇಲೆ ಮಾಲೀಕರಿಗೆ ಬೇರೇನು ಬೇಕು? ನನ್ನ ಪ್ರೋಗ್ರಾಮನ್ನು ಮುಂದೆ ನೋಡೋಣ ಎಂದರು. ಅಕ್ಕ ಇರಲಿ, ಆದರೆ ಇನ್ನೊಂದು ಸಲ ಅವಳ ಕೈಯಲ್ಲಿ ಯಂತ್ರ ನಿಂತರೆ ಅವತ್ತೇ ಮನೆಗೆ ಎಂದರು. ಅಚ್ಚಿಗೆ ಮನುಷ್ಯರನ್ನು ಹೊಂದಿಸುವುದು ಮನುಷ್ಯರಿಗೆ ಅಚ್ಚನ್ನು ಹೊಂದಿಸುವುದಕ್ಕಿಂತ ಅಗ್ಗ, ಇದು ಆ ಕೋಣೆಯ ತೀರ್ಮಾನ. ಮರುದಿನ ಗಾಜಿನ ಮೇಲೆ ಆ ಎರಡು ನಿಯಮಗಳ ನೋಟೀಸು ಅಂಟಿತು, ಕೆಳಗೆ ಆರ್ಕಿಟೆಕ್ಟನ ಸಹಿ.

ಅಕ್ಕ ನಿಯಮ ಪಾಲಿಸಿದಳು. ಪಾಲಿಸದೆ ಏನು ಮಾಡುತ್ತಾಳೆ? ಮೊಬೈಲನ್ನು ಡ್ರಾಯರಿನಲ್ಲಿಟ್ಟಳು. ಹಲಸೂರಿನಿಂದ ಒಬ್ಬ ಮುದುಕರು ಹೆಂಡತಿಗೆ ಉಸಿರಾಡಲು ಆಗುತ್ತಿಲ್ಲವೆಂದು ಅಳುತ್ತಿದ್ದರೆ ಇವಳು, "ಮೊದಲು ಮನೆ ನಂಬರ್ ಹೇಳ್ರಿ ಅಜ್ಜಾರ, ಮೊದಲು ನಂಬರ್" ಎನ್ನುತ್ತಿದ್ದಳು. ಕರೆ ಮುಗಿದ ಮೇಲೆ ಕಿವಿಯ ಹೆಡ್‌ಫೋನ್ ತೆಗೆದು ಒಂದು ಗಳಿಗೆ ಕೈಯಲ್ಲೇ ಹಿಡಿದುಕೊಂಡಿರುತ್ತಿದ್ದಳು. ಯಂತ್ರ ಒಮ್ಮೆಯೂ ನಿಲ್ಲಲಿಲ್ಲ. ಪ್ರಾಸೆಸ್ ಯಶಸ್ವಿಯಾಯಿತೆಂದು ಆರ್ಕಿಟೆಕ್ಟ್ ಎಲ್ಲರಿಗೂ ಸ್ವೀಟ್ ತರಿಸಿದ. ನಾನು ತಿನ್ನಲಿಲ್ಲ.

ಆಮೇಲೊಂದು ಭಾನುವಾರ. ನಮ್ಮ ಮನೆ ಸಿ.ವಿ. ರಾಮನ್ ನಗರದಲ್ಲಿ. ಸರ್ಕಾರಿ ಕಾರ್ಖಾನೆಯಿಂದ ನಿವೃತ್ತರಾದ ಅಪ್ಪ ಊಟ ಮುಗಿಸಿ ಪೇಪರ್ ಹಿಡಿದು ಕೂತಿದ್ದರು. ಪೇಪರ್ ಜಾರಿ ಬಿದ್ದ ಸದ್ದಿಗೆ ತಿರುಗಿ ನೋಡಿದರೆ ಅವರ ಬನಿಯನ್ ಪೂರ್ತಿ ಒದ್ದೆ, ಎಡಗೈ ಎದೆಯ ಮೇಲೆ. ಫೋನ್ ತೆಗೆದುಕೊಂಡು ನಮ್ಮದೇ ಕಚೇರಿಯ ಆ ನಂಬರಿಗೆ ಮಾಡಿದೆ.

"ನಮಸ್ಕಾರ. ಮೊದಲು ಮನೆ ನಂಬರ್ ಹೇಳ್ರಿ."

"ಸಿ.ವಿ. ರಾಮನ್ ನಗರ!" ಎಂದು ಕಿರುಚಿದೆ. ಈ ಕಥೆಯನ್ನೆಲ್ಲ ಬಲ್ಲ ನನ್ನ ಬಾಯಿಂದಲೂ ಬಂದದ್ದು ಅದೇ. ನಮ್ಮ ಗೇಟಿನ ಮೇಲೆ ಎರಡು ನಂಬರುಗಳಿದ್ದವು, ಕಾರ್ಪೊರೇಷನ್ನಿನ ಹೊಸದು, ಅಪ್ಪ ಬಿಡಲೊಪ್ಪದ ಹಳೆಯದು. ಆ ಹೊತ್ತಿನಲ್ಲಿ ಎರಡೂ ತಲೆಯಿಂದ ಅಳಿಸಿಹೋಗಿದ್ದವು. "ಪಾರ್ಕ್ ಹಿಂದೆ, ನೀಲಿ ಗೇಟು, ಅಪ್ಪಂಗೆ ಏನೋ ಆಗ್ತಿದೆ, ಬೇಗ…"

ನನ್ನ ದನಿ ಅಕ್ಕನಿಗೆ ಗುರುತು ಸಿಕ್ಕಿತು.

"ಮೇಡಂ, ನಾನ್ರಿ." ಡ್ರಾಯರ್ ಎಳೆದ ಸದ್ದು ಕೇಳಿಸಿತು. ಮೊಬೈಲಿನಲ್ಲಿ ಯಾರಿಗೋ ನಮ್ಮ ಏರಿಯಾ ಹೇಳಿದ್ದು ಕೇಳಿಸಿತು. "ಗಾಡಿ ಹೊಂಟತ್ರಿ. ಗಾಬ್ರಿ ಆಗಬ್ಯಾಡ್ರಿ. ಅಪ್ಪಾರ್ನ ಕುಂದರ್ಸಿ ಇಡ್ರಿ. ಯಾವ ಕ್ರಾಸ್ರಿ? ಹೂಂ. ನಂಬರ ನೆನಪಾದ್ರ ಹೇಳ್ರಿ, ಇಲ್ಲಾಂದ್ರ ಬಿಡ್ರಿ."

ಕೊನೆಗೆ ನಂಬರ್ ನೆನಪಾಯಿತು, ಹೇಳಿದೆ. ಅವಳ ಕೀಬೋರ್ಡಿನ ಸದ್ದು ಕೇಳಿಸಿತು. ಆಮೇಲೆ ಆ ಕಡೆ ಎಲ್ಲ ಸುಮ್ಮನಾಯಿತು. ಯಾಕೆಂದು ನನಗೆ ಆಗ ಹೊಳೆಯಲಿಲ್ಲ, ಅಪ್ಪನ ಬೆನ್ನು ಒತ್ತಿ ಹಿಡಿದಿದ್ದೆ. ಗಾಡಿ ಬಂತು. ಬೇಗ ಬಂದದ್ದರಿಂದ ಉಳಿದರು ಎಂದು ಡಾಕ್ಟರು ಹೇಳಿದರು. ಅಪ್ಪ ಆಮೇಲೆ ಬಹಳ ವರ್ಷ ಬದುಕಿದ್ದರು, ಹಳೇ ನಂಬರನ್ನೇ ಬರೆಯುತ್ತಾ.

ಎರಡು ದಿನ ಬಿಟ್ಟು ಕಚೇರಿಗೆ ಹೋದೆ. ಅಕ್ಕನ ಕುರ್ಚಿಯಲ್ಲಿ ಬೇರೆ ಯಾರೋ ಇದ್ದರು. ಭಾನುವಾರ ಅವಳು ನಂಬರನ್ನು ಕೊನೆಯಲ್ಲಿ ಟೈಪ್ ಮಾಡಿದ್ದರಿಂದ ವ್ಯವಸ್ಥೆ ನಿಂತಿತ್ತು. ಅದೃಷ್ಟಕ್ಕೆ ಆ ಹೊತ್ತಿನಲ್ಲಿ ಬೇರೆ ಕರೆ ಇರಲಿಲ್ಲ. ಟ್ರಿಪ್ ನಂಬರಿಲ್ಲದೆ ಗಾಡಿ ಬಿಟ್ಟದ್ದು ಇನ್ನೊಂದು ಅಪರಾಧ. ಕರೆ ಯಾರದೆಂದು ಕೇಳಿದ್ದಕ್ಕೆ ಅವಳು ಹೇಳಿರಲಿಲ್ಲವಂತೆ. ಸೋಮವಾರ ಬೆಳಿಗ್ಗೆಯೇ ಕಳಿಸಿಬಿಟ್ಟಿದ್ದರು.

ನಾನು ನೇರ ಮಾಲೀಕರ ಕೋಣೆಗೆ ಹೋದೆ. ಆರ್ಕಿಟೆಕ್ಟ್ ಅಲ್ಲೇ ಕೂತಿದ್ದ.

"ಸರ್, ಆ ಕರೆ ನಂದು. ಅವತ್ತು ಅವಳು ಉಳಿಸಿದ್ದು ನಮ್ಮಪ್ಪನ್ನ," ಎಂದೆ.

ಮಾಲೀಕರು ಮೇಜಿನ ಮೇಲಿನ ಪೆನ್ನನ್ನು ತಿರುಗಿಸುತ್ತಾ ಕೂತರು. ಆರ್ಕಿಟೆಕ್ಟ್ ಮಾತ್ರ ನಿಜವಾಗಿಯೂ ಆಶ್ಚರ್ಯಪಟ್ಟ. ಕೆಟ್ಟತನದಿಂದ ಹೇಳಿದ್ದರೆ ಕ್ಷಮಿಸಬಹುದಿತ್ತೇನೋ. ತಿಳಿಹೇಳುವ ದನಿಯಲ್ಲಿ ಹೇಳಿದ.

"ಏನಮ್ಮ, ಪ್ರಾಸೆಸ್ ನಿನಗೇ ಗೊತ್ತಿತ್ತಲ್ಲ? ನಂಬರ್ ಮೊದಲು ಹೇಳ್ಬೇಕಿತ್ತು."

ಅವನನ್ನು ಬಿಟ್ಟು ಮಾಲೀಕರ ಕಡೆ ತಿರುಗಿದೆ. ಅಕ್ಕನನ್ನು ವಾಪಸು ಕರೆಸಿ, ಇಲ್ಲವೇ ನಾನೂ ಹೋಗುತ್ತೇನೆ ಎಂದೆ. ಯೋಚನೆ ಮಾಡುತ್ತೇನೆ ಎಂದರು. ಅವರು ಯೋಚನೆ ಮಾಡುತ್ತಿರುವಾಗಲೇ ನಾನು ಬಿಟ್ಟುಬಂದೆ.

ಆ ವರ್ಷದ ಕೊನೆಗೆ ಶಿವಾಜಿನಗರದ ಬಸ್ ನಿಲ್ದಾಣದಲ್ಲಿ ಅಕ್ಕ ಸಿಕ್ಕಳು. ಮಗಳ ಕೈಹಿಡಿದು ರಾಮಮೂರ್ತಿ ನಗರದ ಬಸ್ಸಿಗೆ ಕಾಯುತ್ತಿದ್ದಳು. ಅಪ್ಪ ಹೇಗಿದ್ದಾರೆಂದು ಮೊದಲು ಕೇಳಿದಳು. ಚೆನ್ನಾಗಿದ್ದಾರೆಂದು ತಲೆಯಾಡಿಸಿದೆ. ಅವಳಿಗೆ ಬೇರೆ ಕೆಲಸ ಸಿಕ್ಕಿತ್ತು. ಸೀರೆ, ಬೆಡ್‌ಶೀಟುಗಳನ್ನು ಮನೆಗೇ ಕಳಿಸುವ ಅಂಗಡಿಯೊಂದರಲ್ಲಿ ಫೋನ್ ತೆಗೆದುಕೊಳ್ಳುವ ಕೆಲಸ. ಸಂಬಳ ಕಡಿಮೆ ಎಂದಳು.

"ಅಲ್ಲೂ ನಂಬರ್ ಮೊದಲು ಬರೀಬೇಕಾ ಅಕ್ಕ?" ಎಂದೆ.

ಬಸ್ಸು ಬಂತು. ಮಗಳನ್ನು ಮೆಟ್ಟಿಲಿಗೆ ಹತ್ತಿಸಿ ತಿರುಗಿ ನೋಡಿದಳು.

"ಅಲ್ಲೆ ಯಾರೂ ಸಾಯೂದಿಲ್ರಿ ಮೇಡಂ. ಹೆಂಗ ಬರದ್ರೂ ನಡೀತೈತಿ."